‘ರಾಸು’ ಎಂದು ಕೂಗಿದ ಜರ್ಮನ್ ಬ್ಯಾಕು

ಎಂಟು ದಿನದ ಹಿಂದೆ, ಭಾನುವಾರ ಬೆಳಿಗ್ಗೆ, ಆರಡಿ ಮೀರಿದ ಒಬ್ಬ ಬಿಳಿಯ ನಮ್ಮ ಮನೆ ಮುಂದೆ ಸೈಕಲ್ಲಿನಿಂದ ಇಳಿದ. ಕೈಯಲ್ಲಿ ನಮ್ಮ ಈ ವಾರಪತ್ರಿಕೆಯ ನಾಲ್ಕು ಸಂಚಿಕೆ. ನಾಲ್ಕರಲ್ಲೂ ನಾನು ಬರೆದ ಪುಟವೇ ಮೇಲೆ ಕಾಣುವ ಹಾಗೆ ಮಡಚಿದ್ದ.

ಬರೆಯುವವನ ಮನೆಗೆ ಓದುಗ ಹುಡುಕಿಕೊಂಡು ಬರುವುದಕ್ಕೆ ಎರಡೇ ಕಾರಣ. ಒಂದು, ಹೊಗಳುವುದಕ್ಕೆ. ಇನ್ನೊಂದು, ಹೊಡೆಯುವುದಕ್ಕೆ. ಇಷ್ಟು ವರ್ಷ ಬರೆದಿದ್ದೇನೆ, ಮೊದಲನೆಯ ಕಾರಣಕ್ಕೆ ಇನ್ನೂ ಯಾರೂ ಬಂದಿಲ್ಲ.

ನನ್ನ ಮನೆಯವಳು ಗಿರಿಜೆ ಕಿಟಕಿಯಲ್ಲಿ ಇಣುಕಿ ಒಳಗೆ ಬಂದಳು. “ಏನ್ರೀ, ಆ ಜರ್ಮನಿಯವನೇ ಬಂದಿದಾನೆ. ಜೊತೇಲಿ ಇನ್ನೊಬ್ಬರು ಬೇರೆ ಇದಾರೆ. ಹಿತ್ಲ ಬಾಗ್ಲು ತೆಗೀಲಾ?”

ತಮಾಷೆಗೆ ಅಂದಳೋ, ನಿಜಕ್ಕೂ ಅಂದಳೋ? (ಹದಿನೆಂಟು ವರ್ಷ ಸಂಸಾರ ಮಾಡಿದ ಮೇಲೂ ಇದೊಂದು ನನಗೆ ಗೊತ್ತಾಗುವುದಿಲ್ಲ.)

‘ಆ ಜರ್ಮನಿಯವನು’ ಯಾರು ಅಂತ ಭದ್ರಾವತಿಯ ಓದುಗರಿಗೆ ಹೇಳಬೇಕಾಗಿಲ್ಲ. ಶಿವಮೊಗ್ಗದವರಿಗೆ ಹೇಳಿಬಿಡುತ್ತೇನೆ. ಹೆಸರು ಹೈನ್ಸ್. ವಯಸ್ಸು ಇಪ್ಪತ್ತಮೂರು. ನನಗೆ ನಲವತ್ತು ದಾಟಿದೆ, ಆದ್ದರಿಂದ ಏಕವಚನ. ಭದ್ರಾವತಿಯ ಕಾರ್ಖಾನೆಗೆ ಜರ್ಮನಿಯಿಂದ ಹೊಸ ಯಂತ್ರ ಬಂದಿದೆಯಲ್ಲ, ಅದನ್ನು ಜೋಡಿಸಿ ಕೂರಿಸುವುದಕ್ಕೆ ಬಂದ ತಂಡದಲ್ಲಿ ಇವನೊಬ್ಬ ಫಿಟ್ಟರ್. ಎಂಟು ತಿಂಗಳ ಕೆಲಸ. ಬಂದ ಎರಡನೇ ವಾರಕ್ಕೇ ಕಾರ್ಖಾನೆಯ ಫುಟ್‌ಬಾಲ್ ತಂಡ ಸೇರಿಕೊಂಡ. ತನ್ನ ಊರಿನಲ್ಲಿ ಇವನು ದುಡ್ಡು ತೆಗೆದುಕೊಂಡು ಆಡುವ ಆಟಗಾರ ಅನ್ನುವ ಸುದ್ದಿ ಮೊದಲೇ ಹಬ್ಬಿತ್ತು.

ಭದ್ರಾವತಿಯ ಜನ ಕುಣಿದಾಡಿಬಿಟ್ಟರು. ಜರ್ಮನಿಯ ಆಟಗಾರ! ಇನ್ನು ಮ್ಯಾಚಿಗೆ ಐದೈದು ಗೋಲು!

ಐದಲ್ಲ, ಒಂದೂ ಹೊಡೆಯಲಿಲ್ಲ. ಯಾಕೆಂದರೆ ಅವನು ಬ್ಯಾಕು. ಗೋಲು ಹೊಡೆಯುವವನಲ್ಲ, ಹೊಡೆಯಲು ಬಂದವರನ್ನು ತಡೆಯುವವನು. ನಮ್ಮಲ್ಲಿ ಓಡಲು ಬಾರದವನನ್ನು, ಹೊಟ್ಟೆ ಬಂದವನನ್ನು, ಇಲ್ಲವೇ ಹೊಸದಾಗಿ ಸೇರಿದವನನ್ನು ಬ್ಯಾಕಿಗೆ ನಿಲ್ಲಿಸುತ್ತೇವೆ. ಸಮುದ್ರ ದಾಟಿ ಬಂದವನೂ ಅಲ್ಲೇ ಹೋಗಿ ನಿಂತಿದ್ದು ನೋಡಿ ಜನಕ್ಕೆ ಸಪ್ಪೆಯಾಯಿತು.

ನನಗೂ ಸಪ್ಪೆಯಾಯಿತು. ನಾನು ಶಿವಮೊಗ್ಗದ ಹೈಸ್ಕೂಲಿನಲ್ಲಿ ಕನ್ನಡ ಪಂಡಿತ. ಈ ಅಂಕಣದ ಜೊತೆಗೆ ಆಟದ ವರದಿಯೂ ನನ್ನ ತಲೆಗೇ ಬಿದ್ದಿದೆ. ಶನಿವಾರ ಶನಿವಾರ ತಂಗಿಯ ಮನೆಗೆಂದು ಭದ್ರಾವತಿಗೆ ಹೋಗುತ್ತೇನೆ ಅನ್ನುವುದೊಂದೇ ಅದಕ್ಕೆ ನನಗಿರುವ ಅರ್ಹತೆ. ಗೋಲಾದಾಗ ಎದ್ದು ನಿಲ್ಲುತ್ತೇನೆ. ಮಿಕ್ಕ ಹೊತ್ತು ಕಡಲೆಕಾಯಿ ಸುಲಿಯುತ್ತೇನೆ. ವರದಿಯೂ ಹಾಗೇ ಇರುತ್ತದೆ. ಯಾರು ಹೊಡೆದರು, ಎಷ್ಟನೇ ನಿಮಿಷ, ಜನ ಹೇಗೆ ಕೂಗಿದರು. ಮುಗಿಯಿತು.

ಇರಲಿ. ಹಿತ್ತಲ ಬಾಗಿಲಿನ ವಿಷಯ ಬಿಟ್ಟು ಧೈರ್ಯ ಮಾಡಿ ಎದುರು ಬಾಗಿಲನ್ನೇ ತೆಗೆದೆ.

ಹೈನ್ಸ್ ಎರಡೂ ಕೈ ಜೋಡಿಸಿ “ನಮಸ್ಕಾರ ಮೇಷ್ಟ್ರೇ” ಅಂದ. ಜೊತೆಗೆ ಬಂದವನು ಸೆಲ್ವರಾಜ್. ಕಾರ್ಖಾನೆಯಲ್ಲಿ ಹೈನ್ಸನ ಜೊತೆಯ ಫಿಟ್ಟರ್, ತಂಡದ ಕ್ಯಾಪ್ಟನ್ನೂ ಅವನೇ, ಆಡುವುದು ಅವನೂ ಬ್ಯಾಕಿಗೇ. ಭದ್ರಾವತಿಯಲ್ಲೇ ಹುಟ್ಟಿ ಬೆಳೆದ ತಮಿಳ. ಕನ್ನಡ ಸೊಗಸಾಗಿ ಮಾತಾಡುತ್ತಾನೆ. ಓದಲು ಮಾತ್ರ ಬರುವುದು ತಮಿಳೊಂದೇ.

ಹೊಡೆಯಲು ಬಂದವರು ನಮಸ್ಕಾರ ಹೇಳುವುದಿಲ್ಲ. ನನಗೆ ಉಸಿರು ಬಂತು. ಗಿರಿಜೆ ಕಾಫಿಗೆ ಇಟ್ಟಳು.

ಹೈನ್ಸ್ ಜೇಬಿನಿಂದ ಒಂದು ಕಾಗದ ತೆಗೆದ. ಅವನ ಕ್ಲಬ್ಬಿನಿಂದ ಬಂದದ್ದು. ಅವನ ಇಂಗ್ಲಿಷೂ ಕುಂಟು, ನನ್ನದೂ ಕುಂಟು. ನಡುವೆ ಸೆಲ್ವರಾಜ್ ಊರುಗೋಲಾದ. ಮೂವರೂ ಸೇರಿ ವಿಷಯ ದಡ ಮುಟ್ಟಿಸಿದ್ದು ಹೀಗೆ.

ಹೈನ್ಸ್ ಆಟ ಕಲಿತದ್ದು ಬಾಂಬು ಬಿದ್ದು ಕುಸಿದ ಬೀದಿಯಲ್ಲಂತೆ. ಮುರಿದ ಇಟ್ಟಿಗೆಯನ್ನು ಪಕ್ಕಕ್ಕೆ ಎತ್ತಿಹಾಕಿದರೆ ಅದೇ ಮೈದಾನ. ಹದಿನೆಂಟಕ್ಕೆ ಊರಿನ ಕ್ಲಬ್ಬು ಕರಾರು ಮಾಡಿಕೊಂಡಿತು. ಕೊಡುತ್ತಿದ್ದ ಹಣ ಹೊಟ್ಟೆಗೆ ಸಾಲದು, ಅದಕ್ಕೇ ಫಿಟ್ಟರ್ ಕೆಲಸವನ್ನೂ ಕಲಿತ. ಇಪ್ಪತ್ತೆರಡಕ್ಕೆ ಮಂಡಿ ತಿರುಚಿಕೊಂಡು ಒಂದು ವರ್ಷ ಕೂತ. ಎದ್ದು ಬರುವಷ್ಟರಲ್ಲಿ ಅವನ ಜಾಗದಲ್ಲಿ ಇನ್ನೊಬ್ಬ ನಿಂತಿದ್ದ. ಆಗ ಅಲ್ಲಿಯ ಅವನ ಕಾರ್ಖಾನೆಯವರು ಇಂಡಿಯಾಕ್ಕೆ ಹೋಗುತ್ತೀಯಾ ಅಂದರು, ಹೊರಟುಬಂದ.

ಈಗ ಅಲ್ಲಿ ದೇಶಕ್ಕೆಲ್ಲ ಸೇರಿ ಒಂದೇ ದೊಡ್ಡ ಲೀಗು ಶುರುವಾಗುತ್ತಿದೆಯಂತೆ. ಇನ್ನು ಮೇಲೆ ಫುಟ್‌ಬಾಲ್ ಆಡಿಕೊಂಡೇ ಬದುಕಬಹುದು. ಕ್ಲಬ್ಬಿನಲ್ಲಿ ಒಬ್ಬ ಬ್ಯಾಕಿನ ಜಾಗ ಖಾಲಿ ಇದೆ. ತಿಂಗಳ ಕೊನೆಗೆ ಹೆಸರು ಪಕ್ಕಾ ಮಾಡುತ್ತಾರೆ. ಕಾಗದದಲ್ಲಿ ಕೇಳಿದ್ದು ಇಷ್ಟೇ: ‘ಅಲ್ಲಿ ನೀನು ಆಡುತ್ತಿದ್ದೀಯಾ? ಮಂಡಿ ನೆಟ್ಟಗಿದೆಯಾ? ಆಡುತ್ತಿದ್ದರೆ ಅಲ್ಲಿಯ ಪತ್ರಿಕೆಯಲ್ಲಿ ಬಂದಿರುತ್ತದಲ್ಲ, ಕತ್ತರಿಸಿ ಕಳಿಸು. ಏನು ಬರೆದಿದ್ದಾರೆಂದು ಇಂಗ್ಲಿಷಿನಲ್ಲಿ ಬರೆಸಿ ಜೊತೆಗಿಡು.’

ಹೈನ್ಸ್ ನಾಲ್ಕೂ ಸಂಚಿಕೆಯನ್ನು ನನ್ನ ಮೇಜಿನ ಮೇಲೆ ಸಾಲಾಗಿ ಹರಡಿದ. ಆಡಿದ ನಾಲ್ಕು ಮ್ಯಾಚಿನ ನಾಲ್ಕು ವರದಿ.

“ಸಾರ್, ಅವ್ರ ಹೆಸ್ರು ಎಲ್ಲೆಲ್ಲಿದೆ ಅಲ್ಲೊಂದ್ ಗೆರೆ ಹೊಡ್ದು ಕೊಡ್ಬೇಕಂತೆ. ನಂಗೂ ಕನ್ನಡ ಓದೋಕ್ ಬರಲ್ವಲ್ಲ, ಅದ್ಕೇ ನಿಮ್ಮತ್ರಾನೇ ಕರ್ಕೊಂಡ್ ಬಂದೆ” ಅಂದ ಸೆಲ್ವರಾಜ್.

ಮೇಜಿನ ಮೇಲೆ ಮಕ್ಕಳ ಪರೀಕ್ಷೆ ಪೇಪರಿನ ಪಕ್ಕ ಕೆಂಪು ಪೆನ್ಸಿಲ್ಲಿತ್ತು. ಹೈನ್ಸ್ ತಾನೇ ಅದನ್ನೆತ್ತಿ ನನ್ನ ಕೈಗೆ ಕೊಟ್ಟ. ನಾನು ಮೊದಲನೆಯ ವರದಿ ಓದಿದೆ. ಹೈನ್ಸ್ ಇಲ್ಲ. ಎರಡನೆಯದು ಓದಿದೆ. ಇಲ್ಲ. ಮೂರನೆಯದರಲ್ಲಿ ಗೋಲು ಹೊಡೆದವನ ಕೂದಲು ಹಾರಿದ್ದನ್ನೂ ವರ್ಣಿಸಿದ್ದೇನೆ, ಹೈನ್ಸ್ ಮಾತ್ರ ಇಲ್ಲ. ಮೂರು ಮ್ಯಾಚು, ತಲಾ ಒಂದೂವರೆ ಗಂಟೆ, ಇಷ್ಟೆತ್ತರದ ಆಳು ನನ್ನ ಕಣ್ಣಮುಂದೆ ಓಡಾಡಿದ್ದಾನೆ. ನನಗೆ ಕಂಡೇ ಇಲ್ಲ.

ನಾಲ್ಕನೆಯದರಲ್ಲಿ ಇತ್ತು. ಇಲ್ಲದೇ ಇದ್ದಿದ್ದರೆ ಚೆನ್ನಾಗಿತ್ತು. ನಾನು ಬರೆದ ವಾಕ್ಯ ಇದು: ‘ಜರ್ಮನಿಯ ಹೈನ್ಸ್ ಎಂಬ ಆಟಗಾರ ನಮ್ಮ ಹುಡುಗರನ್ನು ರಾಸು, ರಾಸು ಎಂದು ದನಗಳಿಗೆ ಹೋಲಿಸಿ ಆಟದುದ್ದಕ್ಕೂ ಕೂಗಾಡಿದ್ದು ಯಾವ ಸಭ್ಯತೆ?’

ಕೇಳಿದ್ದು ನಿಜ. ನಾನೊಬ್ಬನೇ ಅಲ್ಲ, ಮೈದಾನದ ಸುತ್ತ ಕೂತವರೆಲ್ಲ ಕೇಳಿದ್ದರು. ಅವನು ಮೊದಲ ಸಲ “ರಾಸು!” ಅಂದಾಗ ಅರ್ಧ ಜನ ತಿರುಗಿ ನೋಡಿದರು. ನಮ್ಮ ಮೈದಾನಕ್ಕೆ ದನ ನುಗ್ಗುವುದು ಹೊಸದೇನಲ್ಲವಲ್ಲ. ಒಂದು ದನವೂ ಇರಲಿಲ್ಲ. ಎರಡನೆಯ ಸಲ ಕೂಗಿದಾಗ ನನ್ನ ಪಕ್ಕದವರು “ನಮ್ಮೋರಿಗೇ ಅಂತಿದಾನೆ ಕಣ್ರೀ” ಅಂದರು. ಹೆಸರು ಹೈನು, ಬೈಯುವುದು ರಾಸು ಅಂತ ಯಾರೋ ನಗೆಯಾಡಿದರು. ಅಷ್ಟರಲ್ಲಿ ಗೋಲಾಯಿತು, ನಮ್ಮವರು ಸೋತರು. ನನ್ನ ಪೆನ್ನಿಗೆ ಕೋಪ ಬಂತು.

ಈಗ ಎದುರಿಗೆ ಕೂತಿದ್ದಾನೆ. ಮುಖ ತುಂಬ ನಗು. ನಾನೇನು ಮಾಡಬೇಕಿತ್ತು? ‘ಅಪ್ಪಾ, ಮೂರರಲ್ಲಿ ನಿನ್ನ ಹೆಸರಿಲ್ಲ, ನಾಲ್ಕನೆಯದರಲ್ಲಿ ಬೈದಿದ್ದೇನೆ’ ಅನ್ನಬೇಕಿತ್ತು. ನೀವಾದರೂ ಹಾಗೇ ಮಾಡುತ್ತಿದ್ದಿರಿ ಅಂತ ನಂಬುತ್ತೇನೆ.

ನಾನು ಮೂರು ವರದಿಯಲ್ಲೂ ‘ಚೆಂಡು’ ಅನ್ನುವ ಪದ ಹುಡುಕಿ ಅದರ ಕೆಳಗೆ ಕೆಂಪು ಗೆರೆ ಎಳೆದೆ. ಮೂರರಲ್ಲೂ ಒಂದೇ ಪದವಿದ್ದರೆ ಅನುಮಾನ ಬರುವುದಿಲ್ಲ ಅನ್ನುವ ಉಪಾಯ. ಸುಳ್ಳು ಹೇಳುವಾಗ ಎಷ್ಟು ಬುದ್ಧಿ ಓಡುತ್ತದೆ ನೋಡಿ! ನಾಲ್ಕನೆಯದರಲ್ಲಿ ‘ಹೈನ್ಸ್’ ಅನ್ನುವುದರ ಕೆಳಗೇ ಎಳೆದೆ.

ಯಂತ್ರ ಜೋಡಿಸುವವನ ಕಣ್ಣು. ತಕ್ಷಣ ಬೆರಳಿಟ್ಟ. “ಇಲ್ಲಿ ಬೇರೆ ಥರ ಇದೆಯಲ್ಲ?”

“ಅದು ವ್ಯಾಕರಣ” ಅಂದೆ. “ವಿಭಕ್ತಿ ಪ್ರತ್ಯಯ ಸೇರಿದರೆ ಹೆಸರು ರೂಪ ಬದಲಿಸುತ್ತದೆ.”

ಅವನು ತಲೆ ಆಡಿಸಿದ. “ನಮ್ಮ ಭಾಷೆಯಲ್ಲೂ ಇದೆ ಆ ತೊಂದರೆ.” ಪಾಪ, ನಂಬಿದ. ಮೂವತ್ತು ವರ್ಷ ಓದಿ ಓದಿಸಿದ ವ್ಯಾಕರಣ ಹೀಗೆ ಉಪಯೋಗಕ್ಕೆ ಬಂತು.

“ಇದರಲ್ಲಿ ನನ್ನ ಬಗ್ಗೆ ಏನು ಬರೆದಿದ್ದೀರಿ?” ನಾಲ್ಕನೆಯದನ್ನು ತೋರಿಸಿ ಕೇಳಿದ.

ಮಾತು ತಪ್ಪಿಸಲು ನಾನೇ ಒಂದು ಪ್ರಶ್ನೆ ಹಾಕಿದೆ. “ಆವತ್ತು ನೀನು ಏನೋ ಕೂಗುತ್ತಿದ್ದೆಯಲ್ಲ, ಏನದು?”

“ಓ, ರಾವುಸ್!” ಅವನು ಉತ್ಸಾಹದಿಂದ ಎದ್ದೇಬಿಟ್ಟ. ಗಿರಿಜೆ ತಂದಿಟ್ಟ ನಾಲ್ಕು ಕಾಫಿ ಲೋಟವನ್ನು ಮೇಜಿನ ಅಂಚಿಗೆ ಸಾಲಾಗಿ ನಿಲ್ಲಿಸಿದ. ಇವು ನಾವು, ಬ್ಯಾಕುಗಳು. ನನ್ನ ಮಸಿಕುಡಿಕೆಯನ್ನು ಲೋಟದ ಹತ್ತಿರ ಇಟ್ಟ. ಇವನು ಎದುರಾಳಿಯ ಫಾರ್ವರ್ಡು. ನಾನು ಚೆಂಡನ್ನು ದೂರ ಒದ್ದೆ ಅನ್ನಿ. ಒದ್ದ ತಕ್ಷಣ ನಾವೆಲ್ಲ ಒಟ್ಟಿಗೆ ಮುಂದಕ್ಕೆ ಓಡಬೇಕು. ನಾಲ್ಕೂ ಲೋಟವನ್ನು ಒಂದೇ ಸಲ ಸರ್ರನೆ ಮುಂದಕ್ಕೆ ತಳ್ಳಿದ. ಮಸಿಕುಡಿಕೆ ಹಿಂದೆ ಒಂಟಿಯಾಗಿ ಉಳಿಯಿತು. ಹೀಗೆ ಬ್ಯಾಕುಗಳನ್ನು ದಾಟಿ ನಿಂತವನಿಗೆ ಚೆಂಡು ಹೋದರೆ ಆಫ್‌ಸೈಡ್! ರೆಫ್ರಿ ಸೀಟಿ ಊದುತ್ತಾನೆ! ರಾವುಸ್ ಅಂದರೆ ‘ಹೊರಡಿ, ಹೊರಗೆ ಬನ್ನಿ’ ಅಂತ. ಅಲ್ಲಿ ಪ್ರತಿ ಬ್ಯಾಕೂ ದಿನಕ್ಕೆ ನೂರು ಸಲ ಕೂಗುವ ಪದವಂತೆ.

ಅವನ ಬಾಯಿಂದ ‘ರಾವುಸ್’ ಅಂತಲೇ ಹೊರಡುತ್ತದೆ. ಮೈದಾನದ ಗಾಳಿಯಲ್ಲಿ ನಡುವಿನ ‘ವು’ ದಾರಿಯಲ್ಲೇ ಉದುರಿ ನನ್ನ ಕಿವಿಗೆ ಬರುವಷ್ಟರಲ್ಲಿ ‘ರಾಸು’ ಆಗಿತ್ತು. ಕನ್ನಡ ಪಂಡಿತನ ಕಿವಿ ನೋಡಿ, ಜಗತ್ತಿನಲ್ಲಿ ಯಾರು ಏನಂದರೂ ಅದಕ್ಕೆ ಕನ್ನಡವೇ ಕೇಳಿಸುತ್ತದೆ.

ಸೆಲ್ವರಾಜ್ ಹಣೆ ಹಣೆ ಚಚ್ಚಿಕೊಂಡ. “ಅಯ್ಯಯ್ಯೋ ಸಾರ್! ಮನೇಲಿ ನಮ್ಮಮ್ಮ ನನ್ನ ರಾಸು ಅಂತಾನೇ ಕರೆಯೋದು. ಸೆಲ್ವರಾಸು, ರಾಸು. ನಾನು ಇವ್ರು ಪ್ರೀತಿಯಿಂದ ನನ್ನೇ ಕರೀತಾರೆ ಅಂದ್ಕೊಂಡೆ! ಕರ್ದಾಗೆಲ್ಲ ಇವ್ರ ಹತ್ರ ಹಿಂದಕ್ಕೆ ಓಡ್ದೆ!”

ಅಂದರೆ, ಹೈನ್ಸ್ ‘ಮುಂದಕ್ಕೆ ಓಡಿ’ ಅಂತ ಕೂಗಿದಾಗಲೆಲ್ಲ ಕ್ಯಾಪ್ಟನ್ ಹಿಂದಕ್ಕೆ ಓಡಿದ್ದಾನೆ. ಒಬ್ಬ ಬ್ಯಾಕು ಹಿಂದೆ ಉಳಿದರೂ ಎದುರಾಳಿ ಆಫ್‌ಸೈಡ್ ಆಗುವುದಿಲ್ಲ. ಆವತ್ತು ನಮ್ಮವರು ತಿಂದ ಗೋಲಿಗೆ ಅದೇ ಕಾರಣ. ಹೈನ್ಸ್ ಇನ್ನೂ ಜೋರಾಗಿ ಕೂಗಿದ್ದಾನೆ, ಸೆಲ್ವರಾಜ್ ಇನ್ನೂ ಪ್ರೀತಿಯಿಂದ ಹಿಂದಕ್ಕೆ ಬಂದಿದ್ದಾನೆ. ಇಬ್ಬರೂ ಈಗ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕಿದ್ದೇ ನಕ್ಕಿದ್ದು. ಗಿರಿಜೆ ಸೆರಗು ಬಾಯಿಗೆ ಹಿಡಿದು ನಕ್ಕಳು.

ನಾನು ನಗಲಿಲ್ಲ. ನನಗೊಬ್ಬನಿಗೇ ಗೊತ್ತಿತ್ತು, ಆ ನಾಲ್ಕನೆಯ ಪುಟದಲ್ಲಿ ಏನಿದೆ ಅಂತ. ಅಲ್ಲ, ಗಿರಿಜೆಗೂ ಗೊತ್ತಿತ್ತು. ಅವಳು ವಾರವಾರವೂ ಓದುತ್ತಾಳೆ. ನಗು ನಿಲ್ಲಿಸಿ ನನ್ನನ್ನೇ ನೋಡಿದಳು.

ಹೈನ್ಸ್ ಕಣ್ಣೊರೆಸಿಕೊಂಡು ಮತ್ತೆ ಕೇಳಿದ. “ಹಾಗಾದರೆ ಇಲ್ಲಿ ಏನು ಬರೆದಿದ್ದೀರಿ?”

“ಚೆನ್ನಾಗಿ ಆಡಿದ ಅಂತ ಬರೆದಿದ್ದೇನೆ” ಅಂದೆ.

ಅವನ ಮುಖ ಅರಳಿತು. ಹಾಗೇ ಸ್ವಲ್ಪ ಬಾಡಿತು ಕೂಡ. “ಮತ್ತೆ ನಿನ್ನೆಯ ಮ್ಯಾಚಿಗೆ ನನ್ನನ್ನು ಯಾಕೆ ಕೈಬಿಟ್ಟರು? ಯಾರೂ ಏನೂ ಹೇಳುತ್ತಿಲ್ಲ. ನನ್ನ ಆಟ ಕೆಟ್ಟಿದೆಯಾ?”

ಸೆಲ್ವರಾಜ್ ಹೇಳಿದ: “ಟೀಮ್ ನೋಡ್ಕೊಳೋ ಆಫೀಸರು ತೆಗ್ದ್ರು ಸಾರ್. ಕಾರಣ ಕೇಳಿದ್ರೆ ‘ಪೇಪರ್ ಓದು’ ಅಂದ್ರು. ನಾನೇನ್ ಓದ್ಲಿ?”

ಆಗಲೂ ನಾನು ಬಾಯಿ ಬಿಡಲಿಲ್ಲ. ಇಂಗ್ಲಿಷು ಬರೆದಿಟ್ಟಿರುತ್ತೇನೆ, ಬುಧವಾರ ಬನ್ನಿ ಅಂದೆ. ಗುರುವಾರ ಏರ್‌ಮೇಲಿಗೆ ಹಾಕುತ್ತೇನೆ ಅಂತ ಹೈನ್ಸ್ ನಾಲ್ಕೂ ಸಂಚಿಕೆ ಮಡಚಿಕೊಂಡು ಸೈಕಲ್ ಹತ್ತಿದ. ತಿರುವಿನ ತನಕ ಕೈ ಬೀಸಿಕೊಂಡೇ ಹೋದ.

ಒಳಗೆ ಬಂದರೆ ಗಿರಿಜೆ ಲೋಟ ಎತ್ತುತ್ತಿದ್ದಳು.

“ಎಷ್ಟು ಸಲೀಸಾಗಿ ಹೇಳಿದ್ರಿ! ಆ ಹುಡುಗನ ಅನ್ನದ ಮೇಲೇ ಗೆರೆ ಎಳೆದ್ರಲ್ಲ ಮಾರಾಯ್ರೇ!”

“ಅವನ ಊರಿನಲ್ಲಿ ಕನ್ನಡ ಯಾರಿಗೆ ಬರುತ್ತೆ?” ಅಂದೆ.

“ಕನ್ನಡಕ್ಕೆ ನಿಘಂಟು ಮಾಡಿಕೊಟ್ಟೋರೇ ಆ ದೇಶದೋರು ಅಂತ ಮಕ್ಕಳಿಗೆ ಪಾಠ ಹೇಳೋರು ಯಾರು? ನೀವೇ ತಾನೇ? ಅದರಲ್ಲಿ ರಾಸು ಅನ್ನೋ ಪದ ಇರಲ್ವಾ?”

ಅಲ್ಲಿ ಯಾವನೋ ಒಬ್ಬ ಪ್ರೊಫೆಸರು ಕನ್ನಡಕ ಏರಿಸಿಕೊಂಡು ನನ್ನ ವಾಕ್ಯ ಓದುವುದು ಕಣ್ಣಿಗೆ ಕಟ್ಟಿತು. ‘ಜೊತೆಯವರನ್ನು ದನ ಅಂದವನು’ ಅಂತ ಕ್ಲಬ್ಬಿನವರಿಗೆ ಅವನು ಹೇಳುತ್ತಾನೆ. ಮೂರು ಗೆರೆಯ ಮೇಲಿರುವುದು ಹೆಸರಲ್ಲ, ಚೆಂಡು ಅಂತಲೂ ಹೇಳುತ್ತಾನೆ. ಆಮೇಲೆ ಆ ಖಾಲಿ ಜಾಗಕ್ಕೆ ಹೈನ್ಸನ ಹೆಸರು ಯಾರು ಬರೆಯುತ್ತಾರೆ?

ಗಿರಿಜೆ ಮೊರದಲ್ಲಿ ಅಕ್ಕಿ ಹರವಿಕೊಂಡು ಕೂತಳು. ನಾನು ಎದುರಿಗೆ ಕೂತೆ. ಅವಳ ಬೆರಳು ಕಲ್ಲು ಹೆಕ್ಕುತ್ತಾ ಹೋಯಿತು. ಒಂದು, ಇನ್ನೊಂದು, ಮತ್ತೊಂದು. ಹದಿನೆಂಟು ವರ್ಷದಲ್ಲಿ ಒಂದು ದಿನವಾದರೂ ‘ಇವತ್ತು ಅನ್ನದಲ್ಲಿ ಕಲ್ಲಿಲ್ಲ ಕಣೇ’ ಅಂತ ನಾನು ಅಂದಿದ್ದೇನೆಯೇ? ಸಿಕ್ಕಿದ ದಿನ ಮಾತ್ರ ತಟ್ಟೆ ತಳ್ಳಿ ಎದ್ದಿದ್ದೇನೆ. ಆ ದಿನಗಳು ನನಗೆ ಚೆನ್ನಾಗಿ ನೆನಪಿವೆ. (ಅವಳಿಗೆ ಇನ್ನೂ ಚೆನ್ನಾಗಿ ನೆನಪಿವೆ.)

ನನ್ನ ಆಟದ ವರದಿಗೂ ಇದಕ್ಕೂ ಏನು ವ್ಯತ್ಯಾಸ? ಗೋಲು ಬಿದ್ದರೆ ಬ್ಯಾಕಿನ ಹೆಸರು ಹಿಡಿದು ಬೈಯುತ್ತೇನೆ. ಬೀಳದಿದ್ದರೆ ಬ್ಯಾಕು ಅನ್ನುವವನು ಇದ್ದನೋ ಇಲ್ಲವೋ ನನಗೆ ನೆನಪಿರುವುದಿಲ್ಲ. ನಮ್ಮ ಶಾಲೆಯಲ್ಲೂ ಅಷ್ಟೇ. ಬಾವಿಕಟ್ಟೆಯ ಹತ್ತಿರ ಮಕ್ಕಳು ಸುಳಿಯದ ಹಾಗೆ ಇಡೀ ವಿರಾಮ ಅಲ್ಲೇ ನಿಂತಿರುವ ಜವಾನನಿಗೆ ನಾವು ಕೊಟ್ಟ ಬಿರುದು ‘ಕೆಲಸವಿಲ್ಲದವನು’.

ಬುಧವಾರದ ತನಕ ಕಾಯಲಿಲ್ಲ. ಮಂಗಳವಾರ ಶಾಲೆ ಬಿಟ್ಟ ಕೂಡಲೇ ಭದ್ರಾವತಿಯ ಬಸ್ಸು ಹತ್ತಿದೆ.

ಕಾರ್ಖಾನೆಯ ಸೈರನ್ ಆಗಿ ಜನ ಮನೆಗೆ ಹೋಗುತ್ತಿದ್ದರು. ಮೈದಾನದಲ್ಲಿ ಇಬ್ಬರೇ ಇದ್ದರು. ಸೆಲ್ವರಾಜ್ ಚೆಂಡು ಎಸೆಯುತ್ತಿದ್ದ, ಹೈನ್ಸ್ ಹಾರಿ ಹಾರಿ ತಲೆ ಕೊಡುತ್ತಿದ್ದ. ತಂಡದಲ್ಲಿ ಜಾಗವಿಲ್ಲದವನು ಯಾಕೆ ಅಷ್ಟು ಬೆವರು ಸುರಿಸುತ್ತಾನೋ! ನನ್ನನ್ನು ಕಂಡು ಓಡಿ ಬಂದ. “ಇಂಗ್ಲಿಷ್ ಆಯಿತಾ?”

ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಚೆಂಡು ಅಂದೆ. ವಿಭಕ್ತಿ ಸುಳ್ಳು ಅಂದೆ. ನಾಲ್ಕನೆಯದನ್ನು ಮಾತ್ರ ಬರೆದದ್ದನ್ನು ಬರೆದ ಹಾಗೇ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ನಿನ್ನನ್ನು ತಂಡದಿಂದ ತೆಗೆದದ್ದು ನಿನ್ನ ಆಟ ಅಲ್ಲ, ನನ್ನ ಪೆನ್ನು ಅಂದೆ. ನನ್ನ ಜೀವಮಾನದಲ್ಲಿ ಇಷ್ಟು ತಡವರಿಸದೆ ನಾನು ಇಂಗ್ಲಿಷ್ ಮಾತಾಡಿರಲಿಲ್ಲ.

ಮೊದಲು ಸಿಡಿದವನು ಸೆಲ್ವರಾಜ್. “ಏನ್ ಸಾರ್ ನೀವು! ಓದೋಕ್ ಬರ್ದೇ ಇರೋ ನಾನು ತಪ್ಪು ತಿಳ್ಕೊಂಡ್ರೆ ಸರಿ. ಪಂಡಿತ್ರು ನೀವು, ಒಂದ್ ಮಾತು ಬಂದು ಕೇಳ್ಬಾರ್ದಾ? ನಮ್ ಹುಡುಗ್ರು ಬರಿಗಾಲಲ್ಲಿ ಆಡ್ತಾರೆ, ಅವ್ರ ಕಾಲು ಮುರೀಬಾರ್ದು ಅಂತ ಇವ್ರು ಮೊದಲ್ನೇ ದಿನಾನೇ ಬೂಟು ಬಿಚ್ಚಿಟ್ಟು ಕ್ಯಾನ್ವಾಸ್ ಶೂ ಹಾಕ್ಕೊಂಡ್ರು. ಗೊತ್ತಾ ನಿಮ್ಗೆ? ಇಂಥೋರು ನಮ್ನ ದನ ಅಂತಾರಾ?”

ಗೊತ್ತಿರಲಿಲ್ಲ. ನಾಲ್ಕು ವಾರ ನೋಡಿದ್ದೇನೆ, ಅವನ ಕಾಲಿನ ಕಡೆಗೇ ನೋಡಿರಲಿಲ್ಲ. ಫುಟ್‌ಬಾಲಿನ ವರದಿಗಾರ!

ಹೈನ್ಸ್ ಚೆಂಡನ್ನು ನೆಲಕ್ಕೆ ಹಾಕಿ ಅದರ ಮೇಲೆ ಕೂತ. ಆಮೇಲೆ ಮೆಲ್ಲಗೆ, “ಮೊದಲನೆಯ ವರದಿಯನ್ನು ನಿನ್ನೆ ಅಮ್ಮನಿಗೆ ಕಳಿಸಿಬಿಟ್ಟೆ” ಅಂದ. “ಕೆಂಪು ಗೆರೆಯದು. ಅಡುಗೆಮನೆ ಗೋಡೆಗೆ ಅಂಟಿಸುತ್ತಾಳೆ.”

ಜರ್ಮನಿಯ ಯಾವುದೋ ಊರಿನ ಅಡುಗೆಮನೆಯಲ್ಲಿ ಒಬ್ಬ ತಾಯಿ ‘ಚೆಂಡು’ ಅನ್ನುವ ಪದವನ್ನು ಮಗನ ಹೆಸರು ಅಂತ ಅಕ್ಕಪಕ್ಕದವರಿಗೆ ತೋರಿಸುತ್ತಾಳೆ. ನನಗೆ ಕಣ್ಣಲ್ಲಿ ನೀರು ಬಂತು. ಹೇಳಿಕೊಳ್ಳಲು ನಾಚಿಕೆಯಿಲ್ಲ.

“ಚೆಂಡಾ?” ಹೈನ್ಸ್ ತಲೆಯೆತ್ತಿದ. “ಪರವಾಗಿಲ್ಲ. ನಾನು ಅದರ ಹತ್ತಿರವೇ ಇದ್ದೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆದುಕೊಳ್ಳುವುದು ಕಷ್ಟವಾಯಿತು. ಆದರೆ ಅವನು ಅಷ್ಟಕ್ಕೇ ಬಿಡಲಿಲ್ಲ. ಎದ್ದು ನಿಂತು ನನ್ನ ಕಣ್ಣು ನೋಡಿಕೊಂಡು, “ನನಗೆ ಹೊಗಳಿಕೆ ಬೇಡ. ಈ ಶನಿವಾರ ಆಡಲು ಬಿಟ್ಟರೆ ಬಂದು ನೋಡಿ. ನೋಡಿದ್ದನ್ನು ಬರೆಯಿರಿ. ಕೆಟ್ಟದಾಗಿ ಆಡಿದರೆ ಕೆಟ್ಟದಾಗಿ ಅಂತಲೇ ಬರೆಯಿರಿ” ಅಂದ. ಈ ಸಂಚಿಕೆ ತಪ್ಪಿದರೆ ತಿಂಗಳ ಕೊನೆಯೊಳಗೆ ಕಾಗದ ಅವನ ಊರು ಸೇರುವುದಿಲ್ಲ. ಇರುವುದು ಒಂದೇ ಮ್ಯಾಚು.

ಟೀಮು ನೋಡಿಕೊಳ್ಳುವ ಆಫೀಸರ ಮನೆಗೆ ಹಾಗೇ ಹೋದೆ. ವಿಷಯ ಕೇಳಿ ಅವರು ಕೂತಲ್ಲೇ ಅಲುಗಾಡುವ ಹಾಗೆ ನಕ್ಕರು. ನಗು ನಿಂತ ಮೇಲೆ, “ಅಲ್ಲ ಮೇಷ್ಟ್ರೇ, ನಿಮ್ಮ ಪೇಪರ್ ನಂಬಿ ನಾನು ಒಬ್ಬ ಒಳ್ಳೇ ಆಟಗಾರನ್ನ ಕೂರಿಸಿದ್ನಲ್ಲ!” ಅಂದರು. ಅವರೂ ಒಂದು ಮಾತು ಹೈನ್ಸನನ್ನು ಕೇಳಬಹುದಿತ್ತು. ಆದರೆ ಅದನ್ನು ಹೇಳುವ ಯೋಗ್ಯತೆ ಆವತ್ತು ನನಗಿರಲಿಲ್ಲ.

ಶನಿವಾರ ಮೊದಲ ಸಲ ಕಡಲೆಕಾಯಿ ಇಲ್ಲದೆ ಮ್ಯಾಚಿಗೆ ಕೂತೆ. ಗಿರಿಜೆಯೂ ಬಂದಿದ್ದಳು. ಫುಟ್‌ಬಾಲ್ ನೋಡುವುದಕ್ಕಲ್ಲ, ನಾನು ನೋಡುತ್ತೇನೋ ಇಲ್ಲವೋ ಅಂತ ನೋಡುವುದಕ್ಕೆ.

ಎದುರಾಳಿ ನಮ್ಮ ಶಿವಮೊಗ್ಗದ ತಂಡ. ಅದರ ಸೆಂಟರ್ ಫಾರ್ವರ್ಡ್ ಇಸ್ಮಾಯಿಲ್. ಅವನ ಕಾಲಿಗೆ ಚೆಂಡು ಸಿಕ್ಕಿದರೆ ನಾನು ಎದ್ದು ನಿಲ್ಲುವುದು ಅಭ್ಯಾಸ. ಈ ಸಲ ಇಸ್ಮಾಯಿಲನನ್ನು ನೋಡಬಾರದು, ಹೈನ್ಸನನ್ನು ಮಾತ್ರ ನೋಡಬೇಕು ಅಂತ ತೀರ್ಮಾನಿಸಿ ಕೂತೆ. ಕಷ್ಟ ಸ್ವಾಮಿ! ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ. ಗಿರಿಜೆ ಮೊಣಕೈಯಲ್ಲಿ ತಿವಿದು ತಿವಿದು ವಾಪಸ್ ತಂದಳು.

ನೋಡುತ್ತಾ ನೋಡುತ್ತಾ ಗೊತ್ತಾಯಿತು, ಚೆಂಡು ದೂರ ಇದ್ದಾಗಲೂ ಹೈನ್ಸ್ ಸುಮ್ಮನೆ ನಿಂತಿರುವುದಿಲ್ಲ. ಎರಡು ಹೆಜ್ಜೆ ಎಡಕ್ಕೆ, ಒಂದು ಹೆಜ್ಜೆ ಹಿಂದಕ್ಕೆ, ಕತ್ತು ತಿರುಗಿಸಿ ಇಸ್ಮಾಯಿಲ್ ಎಲ್ಲಿದ್ದಾನೆ ಅಂತ ಒಂದು ನೋಟ. ಅವನಿಗೆ ಪಾಸು ಬರಬೇಕಾದ ದಾರಿಯಲ್ಲಿ ಇವನು ಮೊದಲೇ ಹೋಗಿ ನಿಂತಿರುತ್ತಾನೆ. ಪಾಸು ಕೊಡುವವನು ಅದನ್ನು ನೋಡಿ ಬೇರೆ ಕಡೆ ಕೊಡುತ್ತಾನೆ. ಶಿವಮೊಗ್ಗದಿಂದ ಬಂದು ಕೂತವರು ‘ಥೂ, ಇಸ್ಮಾಯಿಲಂಗೆ ಕೊಡಬಾರದಿತ್ತಾ’ ಅನ್ನುತ್ತಾರೆ. ಯಾಕೆ ಕೊಡಲಿಲ್ಲ ಅಂತ ಒಬ್ಬರೂ ಕೇಳುವುದಿಲ್ಲ. ಎರಡು ವಾರದ ಹಿಂದೆ ನಾನೂ ಕೇಳಿರಲಿಲ್ಲ.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಹೈನ್ಸ್ ಚೆಂಡನ್ನು ದೂರಕ್ಕೆ ಒದ್ದು, “ರಾವುಸ್!” ಅಂದ. ಸೆಲ್ವರಾಜ್ ಅಭ್ಯಾಸಬಲದಿಂದ ಒಂದು ಹೆಜ್ಜೆ ಹಿಂದಕ್ಕೆ ಹಾಕಿದವನು ನಾಲಿಗೆ ಕಚ್ಚಿಕೊಂಡು ಮುಂದಕ್ಕೆ ಓಡಿದ. ಬ್ಯಾಕುಗಳೆಲ್ಲ ಓಡಿದರು. ಇಸ್ಮಾಯಿಲ್ ಹಿಂದೆ ಒಬ್ಬನೇ ಉಳಿದ. ಚೆಂಡು ಬಂತು, ಸೀಟಿಯೂ ಬಂತು. ಆಫ್‌ಸೈಡ್! ವಿಷಯ ಅಷ್ಟರಲ್ಲಿ ಊರೆಲ್ಲ ಹರಡಿತ್ತು ಅಂತ ಕಾಣುತ್ತದೆ. ಎರಡನೆಯ ಸಲಕ್ಕೆ ಹೈನ್ಸ್ ಬಾಯಿ ತೆಗೆಯುವ ಮೊದಲೇ ಸುತ್ತ ಕೂತ ಜನವೇ “ರಾಸೂ!” ಅಂತ ಕೂಗಿತು. ಪಕ್ಕದ ಬಯಲಿನಲ್ಲಿ ಮೇಯುತ್ತಿದ್ದ ನಿಜವಾದ ಎರಡು ರಾಸು ತಲೆಯೆತ್ತಿ ನೋಡಿದವು.

ಕೊನೆಯ ಹತ್ತು ನಿಮಿಷದಲ್ಲಿ ಒಂದು ಗಳಿಗೆ ಬಂತು. ಸೆಲ್ವರಾಜ್ ಜಾರಿ ಬಿದ್ದ. ಇಸ್ಮಾಯಿಲ್ ಚೆಂಡು ಕಿತ್ತುಕೊಂಡು ನುಗ್ಗಿದ. ಮುಂದೆ ಉಳಿದದ್ದು ಹೈನ್ಸ್, ಅವನ ಹಿಂದೆ ಗೋಲ್‌ಕೀಪರ್. ಮೈದಾನವೆಲ್ಲ ಎದ್ದು ನಿಂತಿತು. ಹೈನ್ಸ್ ಅವನ ಮೇಲೆ ಬೀಳಲಿಲ್ಲ, ಕಾಲು ಹಾಕಲಿಲ್ಲ. ಮೈ ಓರೆ ಮಾಡಿಕೊಂಡು ಹಿಂದಕ್ಕೆ ಸರಿಯುತ್ತಾ ಹೋದ. ಇಸ್ಮಾಯಿಲ್ ಬಲಕ್ಕೆ ಹೊರಟರೆ ಅಲ್ಲಿದ್ದ. ಎಡಕ್ಕೆ ತಿರುಗಿದರೆ ಅಲ್ಲಿಗೂ ಬಂದ. ಆ ಮಂಡಿ ಎಷ್ಟು ಸಲ ತಿರುಗಿತೋ! ಇಸ್ಮಾಯಿಲ್ ಮೂಲೆಗೆ ಸರಿದು ಸರಿದು, ದಾರಿ ಕಾಣದೆ, ಚೆಂಡನ್ನು ತಾನೇ ಗೆರೆಯಾಚೆ ಕಳೆದುಕೊಂಡ. ಹೈನ್ಸ್ ಅವನನ್ನು ಮುಟ್ಟಿರಲೂ ಇಲ್ಲ.

ಗೋಲು ನೋಡಲೆಂದೇ ಎದ್ದಿದ್ದ ಜನ ‘ಛೇ’ ಅಂದು ಕೂತುಬಿಟ್ಟರು. ಚಪ್ಪಾಳೆ ತಟ್ಟಿದ್ದು ಇಬ್ಬರೇ. ನಾನು, ಗಿರಿಜೆ.

ಆಟ ಮುಗಿದ ಮೇಲೆ ಇಸ್ಮಾಯಿಲನನ್ನು ಮಾತಾಡಿಸಿದೆ. “ಕ್ಯಾ ಬೋಲೂ ಮೇಷ್ಟ್ರೇ” ಅಂತ ತಲೆ ಕೊಡವಿದ. “ಎಲ್ಲಿಗೆ ಹೋದ್ರೂ ಅವ್ನು ನನ್ಗಿಂತ ಮೊದ್ಲೇ ಅಲ್ಲಿ ಇರ್ತಾನೆ. ಪೂರಾ ಆಟ ಆಡ್ದೆ, ಗೋಲ್ ಎಲ್ಲಿದೆ ಅಂತಾನೇ ಕಾಣ್ಲಿಲ್ಲ.”

ಹೈನ್ಸನ ಕ್ಲಬ್ಬಿನ ಮಹನೀಯರೇ, ಇದನ್ನು ನಿಮಗೆ ಇಂಗ್ಲಿಷಿನಲ್ಲಿ ಬರೆದು ಕೊಡುತ್ತಿದ್ದೇನೆ. ಮಂಡಿ ನೆಟ್ಟಗಿದೆ. ನಾನು ವೈದ್ಯನಲ್ಲ, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೂವರೆ ಗಂಟೆ ಅದೊಂದನ್ನೇ ನೋಡಿದವನು. ಹಿಂದಿನ ನಾಲ್ಕು ವರದಿಯಲ್ಲಿ ಈ ಹುಡುಗನ ಬಗ್ಗೆ ಇರುವುದು, ಇಲ್ಲದಿರುವುದು, ಎರಡೂ ನನ್ನ ತಪ್ಪು. ಅವನ ತಾಯಿಗೆ ಬೇರೆ ಒಂದು ಪ್ರತಿ ಕಳಿಸುತ್ತಿದ್ದೇನೆ. ನೀವು ಏನು ತೀರ್ಮಾನ ಮಾಡುತ್ತೀರೋ ಗೊತ್ತಿಲ್ಲ. ಹೈನ್ಸನಿಗೂ ಗೊತ್ತಿಲ್ಲ. ಇಂದು ಸೋಮವಾರ, ಅವನು ಎಂದಿನಂತೆ ಕಾರ್ಖಾನೆಗೆ ಹೋಗಿ ಬೋಲ್ಟು ಬಿಗಿಯುತ್ತಿದ್ದಾನೆ.

ಇಷ್ಟನ್ನೂ ಬರೆದು ಇಂದು ಬೆಳಿಗ್ಗೆ ಸಂಪಾದಕರ ಕೈಗೆ ಕೊಟ್ಟೆ. ಅವರು ಹಾಳೆ ಎಣಿಸಿ ಹುಬ್ಬು ಗಂಟಿಕ್ಕಿದರು. ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವರು ಕಾಯುತ್ತಿದ್ದರು.

“ಯಾರು ಗೆದ್ರು?”

“ಯಾರೂ ಇಲ್ಲ. ಸೊನ್ನೆ, ಸೊನ್ನೆ.”

“ಏನೂ ಆಗದೇ ಇರೋ ಮ್ಯಾಚಿಗೆ ಒಂದು ಪೂರ್ತಿ ಪುಟ ಕೊಡಬೇಕೇನಯ್ಯಾ?”

“ಏನೂ ಆಗದೇ ಇರಲಿ ಅಂತ ಒಬ್ಬ ಒಂದೂವರೆ ಗಂಟೆ ಓಡಿದ್ದಾನೆ ಸಾರ್, ಒಂದು ಪುಟ ಸಾಕಾ?”